ಬೆನ್ನ ಮೇಲಿನ ಊರುಗಳು

ಮಖ್ತಲಿನ ಒಂದು ಓಣಿಯಲ್ಲಿ, ಅಚ್ಚಿನ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ, ತಗಡಿನ ದೊಡ್ಡ ಟ್ರಂಕೊಂದಿದೆ. ಒಂದು ಕಾಲಕ್ಕೆ ಅದು ಸೀರೆಗಳ ಟ್ರಂಕು. ನಾರಾಯಣಪೇಟೆಯ ಮನೆಯಲ್ಲಿ ಮಗ್ಗದಿಂದ ಇಳಿದ ಸೀರೆಗಳನ್ನು ವ್ಯಾಪಾರಿ ಬಂದು ಒಯ್ಯುವ ತನಕ ಅದರಲ್ಲಿಯೇ ಕಾಪಿಡುತ್ತಿದ್ದರು. ಈಗ ಅದರೊಳಗೆ ನಲವತ್ತೊಂದು ಟೀ ಶರ್ಟುಗಳಿವೆ. ಎರಡು ಮೂರನ್ನು ಬಿಟ್ಟರೆ ಎಲ್ಲವೂ ಕಪ್ಪು. ತಲೆಬುರುಡೆ, ಮಿಂಚು, ಕತ್ತಿ, ಹೊರಚಾಚಿದ ನಾಲಗೆ, ಓದಲು ಬಾರದ ಅಕ್ಷರಗಳು. ಟ್ರಂಕಿನ ಒಡೆಯ ಅವುಗಳನ್ನು ಮಡಿಸುವ ಕ್ರಮ ಮಾತ್ರ ಮನೆಯಿಂದ ಬಂದದ್ದು. ಸೀರೆಯನ್ನು ಮಡಿಸುವಾಗ ಸೆರಗು ಹೊರಗೆ ಕಾಣುವಂತೆ ಮಡಿಸುತ್ತಾರಲ್ಲವೇ, ಹಾಗೆ ಅವನು ಅಂಗಿಯ ಬೆನ್ನು ಹೊರಗೆ ಬರುವಂತೆ ಮಡಿಸುತ್ತಾನೆ. ಕೊಳ್ಳುವವರು ಎದೆಯ ಚಿತ್ರವನ್ನು ನೋಡುತ್ತಾರೆ, ಕೂಡಿಡುವವರು ಬೆನ್ನನ್ನು ಓದುತ್ತಾರೆ ಎಂಬುದು ಅವನ ಮಾತು.

ರಾಕ್ ತಂಡಗಳ ಕಛೇರಿಯ ಅಂಗಿಯನ್ನು ಕಂಡರಿಯದವರಿಗೆ ಇಷ್ಟನ್ನು ಹೇಳಬೇಕು. ತಂಡವೊಂದು ದೇಶಸಂಚಾರಕ್ಕೆ ಹೊರಡುವಾಗ ಆ ಸಂಚಾರಕ್ಕೆಂದೇ ಅಂಗಿಗಳನ್ನು ಅಚ್ಚು ಹಾಕಿಸುತ್ತದೆ. ಎದೆಯ ಮೇಲೆ ತಂಡದ ಹೆಸರು ಮತ್ತು ಚಿತ್ರ. ಬೆನ್ನ ಮೇಲೆ ಯಾವ ದಿನ ಯಾವ ಊರು ಎಂಬ ಪಟ್ಟಿ. ಶಾಸನಪಾಠಗಳೊಡನೆ ಮೂರು ವರ್ಷ ಗುದ್ದಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ವಿನ್ಯಾಸ ಅಪರಿಚಿತವೆನಿಸದು. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರು, ಲಿಂಗ, ಹಸುಕರು. ಅದರ ಕೆಳಗೆ ಕಾಲ, ಸ್ಥಳ, ವ್ಯಕ್ತಿ. ಕಲ್ಲು ಊರಿನಲ್ಲಿ ನಿಂತು ನೋಡುವವರನ್ನು ಕಾಯುತ್ತದೆ, ಅಂಗಿ ನೋಡುವವರ ಬಳಿಗೆ ನಡೆದು ಹೋಗುತ್ತದೆ. ವ್ಯತ್ಯಾಸ ಅಷ್ಟೇ.

ಈ ಬಳಕೆ ಬಹಳ ಹಳೆಯದಲ್ಲ. ಎಲ್ವಿಸ್ ಪ್ರೀಸ್ಲಿಯ ಕಾಲದಲ್ಲಿಯೇ ಅಭಿಮಾನಿಗಳ ಅಂಗಿಗಳು ಇದ್ದವಾದರೂ ಅದೊಂದು ವ್ಯಾಪಾರವಾಗಿ ಬೆಳೆದದ್ದು 1970ರ ದಶಕದಲ್ಲಿ. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ತಂಡದ ಅಭಿಮಾನಿಗಳು ತಂಡದ ಹಿಂದೆಯೇ ಊರಿಂದೂರಿಗೆ ಅಲೆಯುತ್ತಿದ್ದರು. ಮನೆಯಲ್ಲಿ ತಾವೇ ಗಂಟುಕಟ್ಟಿ ಬಣ್ಣದಲ್ಲದ್ದಿದ ಅಂಗಿಗಳನ್ನು ಕಛೇರಿಯ ಹೊರಗಿನ ವಾಹನ ನಿಲುಗಡೆಯಲ್ಲಿ ಮಾರಿ ಮುಂದಿನ ಊರಿನ ಖರ್ಚನ್ನು ಹೊಂದಿಸಿಕೊಳ್ಳುತ್ತಿದ್ದರು. ಅಂದರೆ ಅಂಗಿಯನ್ನು ಕೊಳ್ಳುವ ಅಭಿಮಾನಿಯ ಪಕ್ಕದಲ್ಲಿ ಅಂಗಿಯನ್ನು ಮಾಡುವ ಅಭಿಮಾನಿಯೂ ಮೊದಲಿನಿಂದಲೇ ಇದ್ದಾನೆ. ಮಖ್ತಲಿನ ಈತ ಎರಡನೆಯ ಬಗೆಯವನಾಗಲು ಹತ್ತು ಹನ್ನೆರಡು ವರ್ಷಗಳೇ ಬೇಕಾದವು.

ಅವನ ಮೊದಲ ಅಂಗಿ 2007ನೆಯ ಇಸವಿಯದು. ಆ ವರ್ಷದ ಮಾರ್ಚ್ 17ರಂದು ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ಕೊಟ್ಟಿತು. ಹೆವಿ ಮೆಟಲ್‌ನ ಅಷ್ಟು ದೊಡ್ಡ ಹೆಸರೊಂದು ಭಾರತಕ್ಕೆ ಬಂದದ್ದು ಅದೇ ಮೊದಲು. ದೆಹಲಿಯ ಪರಿಕ್ರಮ ತಂಡ ಅಂದು ಅವರಿಗಿಂತ ಮೊದಲು ನುಡಿಸಿತ್ತು. ಆಗ ಈತ ರಾಯಚೂರಿನಲ್ಲಿ ಓದುತ್ತಿದ್ದ ಹುಡುಗ. ಗೆಳೆಯನೊಬ್ಬನ ಹಳೆಯ ಕ್ಯಾಸೆಟ್ಟುಗಳಿಂದ ಹಾಡುಗಳನ್ನು ಕಲಿತಿದ್ದ. ಪದಗಳ ಅರ್ಥ ಅರ್ಧವೂ ಆಗಿರಲಿಲ್ಲ. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಸಾಮಾನ್ಯ ದರ್ಜೆಯ ಬಾಗಿಲ ಬಳಿ ಕುಳಿತು ಬೆಂಗಳೂರಿಗೆ ಹೋದ. ಕೈಯಲ್ಲಿದ್ದ ಹಣ ಒಂದೋ ಟಿಕೆಟ್ಟಿಗೆ, ಇಲ್ಲವೇ ಅಂಗಿಗೆ ಸಾಲುವಷ್ಟಿತ್ತು. ಟಿಕೆಟ್ಟು ಕೊಂಡ. ಕಛೇರಿ ಮುಗಿದ ಮೇಲೆ ಗೇಟಿನ ಹೊರಗೆ, ಕಾಲುದಾರಿಯಲ್ಲಿ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ, ಒಂದು ನಕಲಿ ಅಂಗಿ ಅಗ್ಗಕ್ಕೆ ಸಿಕ್ಕಿತು. ಬೆನ್ನ ಮೇಲೆ ಬೆಂಗಳೂರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು. ಮೊದಲ ಒಗೆತಕ್ಕೆ ಎಡ್ಡಿಯ ಮುಖ ಬಿರುಕುಬಿಟ್ಟಿತು. ಎಡ್ಡಿ ಎಂದರೆ ಡೆರೆಕ್ ರಿಗ್ಸ್ ಎಂಬ ಚಿತ್ರಕಾರ ಬರೆದ, 1980ರಿಂದ ಆ ತಂಡದ ಎಲ್ಲ ಮುಖಪುಟಗಳಲ್ಲಿ ಹಲ್ಲು ಕಿರಿಯುತ್ತ ಬಂದಿರುವ ಪ್ರೇತಮೂರ್ತಿ. ಬಿರುಕುಬಿಟ್ಟ ಎಡ್ಡಿ ಮೊದಲಿಗಿಂತ ಭಯಂಕರವಾಗಿ ಕಂಡನೆಂದು ಹುಡುಗ ಸಮಾಧಾನ ಹೇಳಿಕೊಂಡ.

ಊರಿಗೆ ಮರಳಿದಾಗ ತಂದೆ ಆ ಅಂಗಿಯನ್ನು ಕೈಗೆತ್ತಿಕೊಂಡರು. ತಲೆಬುರುಡೆಯ ವಿಷಯದಲ್ಲಿ ಒಂದು ಮಾತನ್ನೂ ಆಡಲಿಲ್ಲ. ಅಂಗಿಯನ್ನು ಒಳಮೈ ಹೊರಗೆ ಮಾಡಿ ತಿರುಗಿಸಿದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಬಟ್ಟೆಯನ್ನು ಉಜ್ಜಿ ನೋಡಿದರು. ಬೆಳಕಿಗೆ ಹಿಡಿದು ಹೆಣಿಗೆಯನ್ನು ಪರೀಕ್ಷಿಸಿದರು. ಬಳಿಕ ಹೇಳಿದ್ದು ಒಂದೇ ಮಾತು: "ಬಣ್ಣ ಮೇಲೆ ಕೂತದ, ಒಳಗ ಇಳಿದಿಲ್ಲ."

ಅವರು ನೇಕಾರರು. ಮನೆಯೊಳಗೆ ಮರಾಠಿ, ಬೀದಿಯಲ್ಲಿ ತೆಲುಗು, ರಾಯಚೂರು ಯಾದಗಿರಿಗಳ ವ್ಯಾಪಾರಿಗಳೊಡನೆ ಕನ್ನಡ. ಶಿವಾಜಿಯ ದಂಡಿನೊಡನೆ ಬಂದ ನೇಕಾರರು ನಾರಾಯಣಪೇಟೆಯಲ್ಲಿಯೇ ನೆಲೆನಿಂತರೆಂಬ ಐತಿಹ್ಯ ಆ ಸೀಮೆಯಲ್ಲಿದೆ. ಅದು ಎಷ್ಟು ನಿಜವೋ, ಸೀರೆಯಂತೂ ನಿಜ: ಚೌಕಳಿ ಮೈ, ಎದ್ದು ಕಾಣುವ ಬಣ್ಣದ ಅಂಚು, ಒಂದೇ ಹಾಸಿನಲ್ಲಿ ಸಾಲಾಗಿ ಎಂಟು ಸೀರೆ. ನದಿಯಾಚೆಯ ಗದ್ವಾಲದ ಬಗೆ ಬೇರೆ. ಅಲ್ಲಿ ಮೈ ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಎರಡು ಭಿನ್ನ ಜಾತಿಯ ನೂಲುಗಳನ್ನು ಮಗ್ಗದ ಮೇಲೆಯೇ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಕುಪ್ಪಡಂ ಎಂದು ಅದಕ್ಕೆ ಹೆಸರು. ಆ ಕೂಡುಗೆರೆಯನ್ನು ಕಣ್ಣಿಂದ ಹುಡುಕಬಾರದು, ಬೆರಳಿಂದ ಹುಡುಕಬೇಕು ಎನ್ನುತ್ತಿದ್ದರು ತಂದೆ. ಸ್ವಂತ ಊರಿನ ಸೀರೆಯ ಬಗ್ಗೆ ಅಭಿಮಾನವಿದ್ದೂ ಅವರು ಗದ್ವಾಲದವರನ್ನು ಹೊಗಳುತ್ತಿದ್ದುದು ಈ ಕೂಡುಗೆರೆಗಾಗಿ, ಮತ್ತು ಏರುವಾಡ ಜೋಡು ಪಂಚೆಗಾಗಿ.

ಈ ಪಂಚೆಯ ಕಥೆಯನ್ನು ಇಲ್ಲಿ ಹೇಳದಿದ್ದರೆ ಆಗದು. ತಿರುಮಲೆಯ ಬ್ರಹ್ಮೋತ್ಸವಕ್ಕೆ ಮೂಲಮೂರ್ತಿಯ ಉಡುಗೆಗೆಂದು ವರ್ಷಕ್ಕೊಮ್ಮೆ ಗದ್ವಾಲದಿಂದ ಜೋಡು ಪಂಚೆ ಹೋಗುತ್ತದೆ. ಗದ್ವಾಲ ಸಂಸ್ಥಾನದ ಕಾಲದಿಂದ ನಡೆದುಬಂದ ಸೇವೆಯದು. ನೇಯುವವರು ವ್ರತ ಹಿಡಿದು, ಮಡಿಯಲ್ಲಿ ನೇಯುತ್ತಾರೆ. ಅಂಗಡಿಯಲ್ಲಿ ಮಾರುವುದಕ್ಕಲ್ಲ, ಮನೆಯಲ್ಲಿ ಉಡುವುದಕ್ಕಲ್ಲ. ಒಂದು ಉತ್ಸವಕ್ಕಾಗಿ, ಒಂದು ಊರಿಗಾಗಿ, ಒಂದು ದಿನಕ್ಕಾಗಿ ಹುಟ್ಟಿದ ಬಟ್ಟೆ. ಮಗನ ಟ್ರಂಕಿನೊಳಗಿನ ಅಂಗಿಗಳನ್ನು ಇದಕ್ಕೆ ಹೋಲಿಸಿದರೆ ಗದ್ವಾಲದವರು ಒಪ್ಪಲಾರರು. ಒಪ್ಪಬೇಕಾಗಿಯೂ ಇಲ್ಲ. ಆದರೆ ದಿನಾಂಕಕ್ಕಾಗಿಯೇ ಹುಟ್ಟುವ ಬಟ್ಟೆಯೊಂದಿರುತ್ತದೆ ಎಂಬುದು ಆ ಮನೆಯಲ್ಲಿ ಹೊಸ ಸಂಗತಿಯಾಗಿರಲಿಲ್ಲ.

ಕಪ್ಪಿನ ವಿಷಯದಲ್ಲಿಯೂ ಹಾಗೆಯೇ. ಹಬ್ಬದ ದಿನ ಕರಿಯ ಬಟ್ಟೆ ತೊಡುವುದನ್ನು ನೆರೆಹೊರೆಯವರು ಅಶುಭವೆಂದು ಬಗೆಯುತ್ತಿದ್ದರು. ತಾಯಿಯೂ ವರ್ಷವಿಡೀ ಗೊಣಗುತ್ತಿದ್ದಳು. ಸಂಕ್ರಾಂತಿಯೊಂದು ಮಾತ್ರ ಅಪವಾದ. ಮರಾಠಿ ಮನೆಗಳಲ್ಲಿ ಸಂಕ್ರಮಣದ ದಿನ ಕಪ್ಪು ಉಡುವುದೇ ಪದ್ಧತಿ. ಕಪ್ಪು ಚಂದ್ರಕಳಾ ಸೀರೆ ಹೊರಬರುವುದು ಅಂದೇ. ಚಳಿಗಾಲದಲ್ಲಿ ಕರಿಯ ಬಣ್ಣ ಬಿಸಿಲನ್ನು ಹಿಡಿದಿಡುತ್ತದೆ ಎಂದು ಅದಕ್ಕೆ ಕಾರಣ ಹೇಳುತ್ತಾರೆ. ಹೀಗಾಗಿ 2008ರ ಸಂಕ್ರಾಂತಿಯಂದು ತಾಯಿಯೇ ಮಗನನ್ನು ಕರೆದು, "ಆ ನಿನ್ನ ದೆವ್ವದಂಗಿ ಹಾಕ್ಕೋ" ಎಂದಳು. ಎಳ್ಳುಬೆಲ್ಲ ಹಂಚಲು ಎಡ್ಡಿಯೂ ಮನೆಮನೆಗೆ ಹೋದ.

ಮುಂದೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಕೂಡಿಡುವ ಚಟ ಬಲಿಯಿತು. ಎಲ್ಲ ಸಂಗ್ರಾಹಕರಂತೆ ಅವನೂ ಶುದ್ಧಿ ಅಶುದ್ಧಿಗಳ ದೊಡ್ಡ ಮೀಮಾಂಸಕನಾದ. ತೋಳಿನಂಚಿನಲ್ಲಿ ಒಂದೇ ಸಾಲು ಹೊಲಿಗೆಯಿದ್ದರೆ ಅಂಗಿ ಬಹುಮಟ್ಟಿಗೆ 1990ರ ದಶಕದ ನಡುಭಾಗಕ್ಕಿಂತ ಹಳೆಯದು, ಜೋಡಿ ಸಾಲಿದ್ದರೆ ಹೊಸದು. ಕೊರಳಪಟ್ಟಿಯ ಚೀಟಿ ಯಾವ ಕಾಲದ್ದು. ಅಚ್ಚಿನ ಮೇಲೆ ಬೆರಳಾಡಿಸಿದರೆ ತೊಗಲಿನಂತೆ ಹತ್ತುತ್ತದೆಯೋ ಬಟ್ಟೆಯಾಗಿಯೇ ಉಳಿಯುತ್ತದೆಯೋ. ಪಾಠಾಂತರಗಳ ಬಗ್ಗೆ ವಿದ್ವಾಂಸರು ಜಗಳವಾಡುವಂತೆ ಅವನ ಗೆಳೆಯರು ಹೊಲಿಗೆಯ ಬಗ್ಗೆ ಜಗಳವಾಡುತ್ತಿದ್ದರು. ಬಜಾರಿನಲ್ಲಿ ಯಾರಾದರೂ ಹುಡುಗ ತಂಡದ ಹಾಡನ್ನೇ ಕೇಳದೆ ಅದರ ಅಂಗಿ ತೊಟ್ಟು ಬಂದರೆ ಇವರಿಗೆ ಸಿಟ್ಟು. ನಿಲ್ಲಿಸಿ, ಮೂರು ಹಾಡು ಹೇಳು ನೋಡೋಣ ಎಂದು ಪರೀಕ್ಷೆಗೆ ತೊಡಗುತ್ತಿದ್ದರು. ಇದು ಅಭಿಮಾನದ ಅತ್ಯಂತ ಬಡ ರೂಪ. ಜಾಯ್ ಡಿವಿಜನ್ ತಂಡದ 1979ರ ಧ್ವನಿಮುದ್ರಿಕೆಯ ಮೇಲಿನ ಬಿಳಿ ಅಲೆಗಳ ಚಿತ್ರವನ್ನು ಇಂದು ಸಂತೆಯ ಅಂಗಿಗಳ ಮೇಲೂ ಕಾಣಬಹುದು. ತೊಟ್ಟವರಿಗೆ ತಂಡ ಗೊತ್ತಿರುವುದಿಲ್ಲ. ಆ ಅಲೆಗಳು ಆಕಾಶದ ಒಂದು ಪಲ್ಸಾರ್ ನಕ್ಷತ್ರದಿಂದ ಬಂದ ಮಿಡಿತಗಳ ರೇಖೆಗಳು, ಖಗೋಳ ವಿಶ್ವಕೋಶವೊಂದರಿಂದ ಎತ್ತಿಕೊಂಡವು ಎಂಬುದು ತಂಡವನ್ನು ಬಲ್ಲವರಲ್ಲಿಯೂ ಹಲವರಿಗೆ ತಿಳಿದಿರುವುದಿಲ್ಲ. ಅರಿಯದೆ ತೊಟ್ಟವರ ಸಾಲು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂದು ಯಾರು ಹೇಳಬೇಕು?

ರೋಲಿಂಗ್ ಸ್ಟೋನ್ಸ್ ತಂಡದ ನಾಲಗೆಯ ಗುರುತನ್ನೇ ನೋಡಬಹುದು. ಲಂಡನ್ನಿನ ಕಲಾವಿದ್ಯಾರ್ಥಿಯಾಗಿದ್ದ ಜಾನ್ ಪಾಶ್ 1970ರಲ್ಲಿ ಅದನ್ನು ರಚಿಸಿದಾಗ ಸಿಕ್ಕ ಸಂಭಾವನೆ 50 ಪೌಂಡು. ಗಾಯಕ ಮಿಕ್ ಜಾಗರ್ ಅವನ ಮುಂದೆ ಮಾದರಿಯಾಗಿ ಹಿಡಿದದ್ದು ನಾಲಗೆ ಚಾಚಿದ ಕಾಳಿಯ ಚಿತ್ರವನ್ನು. 2003ರ ಏಪ್ರಿಲ್‌ನಲ್ಲಿ ಆ ತಂಡ ಬೆಂಗಳೂರಿಗೆ ಬಂದಾಗ ಕಾಳಿಯ ನಾಲಗೆ ಅಂಗಿಯಾಗಿ ಸ್ವದೇಶಕ್ಕೆ ಮರಳಿತು ಎನ್ನಬೇಕು. ಮಖ್ತಲಿನ ಈತನಿಗೆ ಇದರಲ್ಲಿ ಬೆರಗೇನೂ ಕಾಣಲಿಲ್ಲ. ತುಂಗಭದ್ರೆಯ ದಡದ ಆಲಂಪುರದಲ್ಲಿ, ಬಾದಾಮಿ ಚಾಲುಕ್ಯರು ಕಟ್ಟಿದ ನವಬ್ರಹ್ಮ ಗುಡಿಗಳ ನಡುವೆ, ಜೋಗುಳಾಂಬೆ ಕುಳಿತಿದ್ದಾಳೆ. ಆಕೆಯ ಕೆದರಿದ ಕೂದಲಿನಲ್ಲಿ ಹಲ್ಲಿಯಿದೆ, ಚೇಳಿದೆ, ಕಪಾಲವಿದೆ. ಚಿಕ್ಕಂದಿನಲ್ಲಿ ತಾಯಿಯ ಸೊಂಟದ ಮೇಲೆ ಕುಳಿತು ಅದನ್ನು ಕಂಡವನಿಗೆ ಎಡ್ಡಿ ಒಬ್ಬ ದೂರದ ದಾಯಾದಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಟ್ರಂಕಿನಲ್ಲಿರುವ ಎರಡು ಮೂರು ಬಿಳಿ ಅಂಗಿಗಳಲ್ಲಿ ಒಂದರ ಕಥೆ ಬೇರೆಯದು. 2011ರ ಅಕ್ಟೋಬರ್ 28ರಂದು ಮೆಟಾಲಿಕಾ ತಂಡ ದೆಹಲಿಯ ಬಳಿಯ ಗುರುಗ್ರಾಮದಲ್ಲಿ ನುಡಿಸಬೇಕಾಗಿತ್ತು. ಜನ ನೆರೆದರು, ಭದ್ರತೆಯ ತಡೆಬೇಲಿ ನಿಲ್ಲದ್ದರಿಂದ ಕಛೇರಿಯನ್ನು ಮುಂದೂಡಿದರು, ಆಮೇಲೆ ರದ್ದುಮಾಡಿದರು, ರೊಚ್ಚಿಗೆದ್ದವರು ವೇದಿಕೆಯನ್ನು ಮುರಿದರು. ಎರಡು ದಿನಗಳ ಬಳಿಕ, 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ನಡೆಯಿತು. ದೆಹಲಿಯಿಂದ ನಿರಾಶರಾದ ಹಲವರು ಸಿಕ್ಕ ಗಾಡಿ ಹಿಡಿದು ಬೆಂಗಳೂರಿಗೆ ಬಂದಿದ್ದರು. ಅವರಲ್ಲೊಬ್ಬ ಹುಡುಗ ಇವನ ಪಕ್ಕದಲ್ಲಿ ನಿಂತಿದ್ದ. ಮೈಮೇಲೆ ಬರಿಯ ಬಿಳಿ ಅಂಗಿ. ಬೆನ್ನಿಗೆ ಮಾರ್ಕರ್ ಲೇಖನಿಯಿಂದ ತಾನೇ ಎರಡು ಸಾಲು ಬರೆಸಿಕೊಂಡಿದ್ದ. ಮೊದಲ ಸಾಲು ಗುರುಗ್ರಾಮ, 28. ಎರಡನೆಯದು ಬೆಂಗಳೂರು, 30. ನಡೆಯದೇ ಹೋದ ಕಛೇರಿಯನ್ನು ಏಕೆ ಹೊಡೆದುಹಾಕಿಲ್ಲವೆಂದು ಈತ ಕೇಳಿದ. ಹುಡುಗ ಹಿಂದಿಯಲ್ಲಿ ಉತ್ತರ ಕೊಟ್ಟ: "ನಾನು ಹೋಗಿದ್ದೆ. ಬಾರದವರು ಅವರು."

ಮಧ್ಯರಾತ್ರಿ ಇಬ್ಬರೂ ಅಂಗಿಗಳನ್ನು ಬದಲಾಯಿಸಿಕೊಂಡರು. ಈತ ಅಂದು ದುಡ್ಡು ಕೊಟ್ಟು ಕೊಂಡಿದ್ದ ಹೊಸ ಕಪ್ಪು ಅಂಗಿ ದೆಹಲಿಗೆ ಹೋಯಿತು, ಬೆವರಿನಿಂದ ಅಕ್ಷರ ಹಬ್ಬಿದ ಬಿಳಿಯದು ಇಲ್ಲಿ ಉಳಿಯಿತು. ಸಂಗ್ರಾಹಕರ ಲೆಕ್ಕದಲ್ಲಿ ಇದು ಶುದ್ಧ ನಷ್ಟ. ಅವನ ಲೆಕ್ಕದಲ್ಲಿ ಟ್ರಂಕಿನ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆಯೊಡನೆ ಇಡಬೇಕಾದ ವಸ್ತು.

ಊರಿಗೆ ಮರಳಿದ್ದು 2020ರಲ್ಲಿ. ಆಗ ಬೆಂಗಳೂರಿನ ಕೆಲಸ ಹೋಗಿತ್ತು. ಲೋಕದಾದ್ಯಂತ ಕಛೇರಿಗಳು ನಿಂತಿದ್ದವು. ನಾರಾಯಣಪೇಟೆಯ ಮನೆಯಲ್ಲಿ ಮಗ್ಗವನ್ನು ಬಿಚ್ಚಿ ಬಹಳ ವರ್ಷಗಳಾಗಿದ್ದವು; ಮಗ್ಗದ ಕುಳಿಯನ್ನು ಮುಚ್ಚಿ ಸಿಮೆಂಟು ಹಾಕಿದ್ದರು. ಆ ಜಾಗದಲ್ಲಿಯೇ ಅವನು ಮೊದಲ ಅಚ್ಚಿನ ಚೌಕಟ್ಟನ್ನು ನಿಲ್ಲಿಸಿದ. ಬಿಗಿದ ಜಾಲರಿಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಬೇಕು. ಚಿತ್ರವಿರುವ ಪಾರದರ್ಶಕ ಹಾಳೆಯನ್ನಿಟ್ಟು ಬೆಳಕು ಬಿಡಬೇಕು. ನೀರು ಚಿಮುಕಿಸಿದರೆ ಬೆಳಕು ತಾಗದ ಭಾಗ ಕರಗಿ ಕಣ್ಣು ತೆರೆಯುತ್ತದೆ. ಆ ಕಣ್ಣುಗಳ ಮೂಲಕ ಮಸಿ ಬಟ್ಟೆಗಿಳಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ. ಹೇಳಲು ಸುಲಭ. ಮೊದಲ ಹನ್ನೆರಡು ಅಂಗಿಗಳ ಅಚ್ಚು ಎರಡನೆಯ ಒಗೆತಕ್ಕೆ ಸಿಪ್ಪೆಯೆದ್ದಿತು. ಪ್ಲಾಸ್ಟಿಸಾಲ್ ಮಸಿಗೆ ಸುಮಾರು 160 ಡಿಗ್ರಿ ಶಾಖ ಬೇಕು. ಇಸ್ತ್ರಿಪೆಟ್ಟಿಗೆಯಿಂದ ಆ ಕೆಲಸ ಮಾಡಹೊರಟಿದ್ದ. ತಂದೆ ಹದಿಮೂರು ವರ್ಷಗಳ ಹಿಂದೆ ಆಡಿದ ಮಾತನ್ನೇ ಮತ್ತೆ ಆಡಿದರು, ಬೇರೆ ಶಬ್ದವನ್ನು ಹುಡುಕುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಆ ಮಾತೇ ದಾರಿ ತೋರಿಸಿತೆನ್ನಬೇಕು. ಪ್ಲಾಸ್ಟಿಸಾಲ್ ನೂಲಿನ ಮೇಲೆ ಪದರವಾಗಿ ಕೂರುತ್ತದೆ, ನೀರಿನ ಮಸಿ ನೂಲಿನೊಳಗೆ ಇಳಿಯುತ್ತದೆ. ಆದರೆ ಕಪ್ಪು ಬಟ್ಟೆಯ ಮೇಲೆ ನೀರಿನ ಮಸಿ ಕಾಣುವುದಿಲ್ಲ. ಅದಕ್ಕೆ ಡಿಸ್ಚಾರ್ಜ್ ಎಂಬ ಬಗೆಯುಂಟು: ಅಚ್ಚು ಬಿದ್ದ ಕಡೆ ಬಟ್ಟೆಯ ಕರಿಯ ಬಣ್ಣವೇ ಬಿಟ್ಟುಹೋಗಿ ಹತ್ತಿಯ ಮೂಲ ಬಿಳುಪು ತೋರುತ್ತದೆ. ಬಣ್ಣ ಹಚ್ಚುವುದಲ್ಲ, ಬಣ್ಣ ತೆಗೆಯುವುದು. ಹಾಗೆ ಅಚ್ಚಾದ ಮೊದಲ ಅಂಗಿಯ ಮೇಲೆ ತಂದೆ ಬೆರಳಾಡಿಸಿದರು, ಅಕ್ಷರ ಎಲ್ಲಿದೆಯೆಂದು ಬೆರಳಿಗೆ ಸಿಗಲಿಲ್ಲ. ಗದ್ವಾಲದ ಕೂಡುಗೆರೆಯ ಮಾತು ಇಬ್ಬರಿಗೂ ನೆನಪಾಗಿರಬೇಕು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಕ್ಷರದ ತೊಡಕು ಬೇರೆಯೇ ಇತ್ತು. ಮೆಟಲ್ ತಂಡಗಳ ಹೆಸರುಗಳು ಮೊನೆಯುಳ್ಳ ಅಕ್ಷರಗಳಲ್ಲಿರುತ್ತವೆ. ಬೆಲ್ಜಿಯಮ್ಮಿನ ಕ್ರಿಸ್ತೋಫ್ ಷ್ಪಾಯ್‌ಡೆಲ್ ಬರೆದ ಗುರುತುಗಳಲ್ಲಂತೂ ಅಕ್ಷರಗಳು ಬೇರು ರೆಂಬೆಗಳಾಗಿ ಎಡಬಲಕ್ಕೆ ಸಮನಾಗಿ ಹಬ್ಬಿ, ಹೆಸರು ಗೊತ್ತಿದ್ದವರು ಮಾತ್ರ ಓದಬಲ್ಲಂತಿರುತ್ತವೆ. ಕನ್ನಡದ ಅಕ್ಷರಗಳೋ ದುಂಡಗಿನವು. ಇಂಗ್ಲಿಷ್ ತಂಡದ ಹೆಸರನ್ನು ಕನ್ನಡದಲ್ಲಿ ಬರೆದಾಗ ಅದು ಹಿಟ್ಟಿನ ಗಿರಣಿಯ ಬೋರ್ಡಿನಂತೆ ಕಂಡಿತು. ಬಲವಂತವಾಗಿ ಮೊನೆ ಮಾಡಿದರೆ ಅಕ್ಷರಕ್ಕೆ ಗಾಯವಾದಂತಿತ್ತು. ಕೆಲವು ತಿಂಗಳು ಹೀಗೆಯೇ ಕಳೆದ ಮೇಲೆ ಅವನಿಗೆ ಹೊಳೆದದ್ದು ಎರಡು ಸಂಗತಿಗಳು. ಒಂದು, ನಮ್ಮ ಲಿಪಿಯ ಬೇರುಗಳು ಒತ್ತಕ್ಷರಗಳು. ಅವು ತಾವಾಗಿಯೇ ಕೆಳಗೆ ಇಳಿಯುತ್ತವೆ, ಎಳೆಯಬೇಕಾಗಿಲ್ಲ. ಎರಡು, ಇದೇ ಲಿಪಿಯನ್ನು ಉಳಿಯಿಂದ ಕೊರೆದ ಕಾಲವೊಂದಿತ್ತು. ಬಾದಾಮಿಯ ಬಂಡೆಯ ಮೇಲಿರುವ, ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ಶಾಸನವನ್ನು ಹೋಗಿ ನೋಡಿಬಂದ. ತ್ರಿಪದಿಯ ಹಳೆಯ ಮಾದರಿಯೆಂದು ತರಗತಿಯಲ್ಲಿ ಓದುವ ಅದೇ ಶಾಸನ. ಒಳ್ಳೆಯವರಿಗೆ ಒಳ್ಳೆಯವನೂ ಬಾಧಿಸುವವರಿಗೆ ಕಲಿಯುಗವಿಪರೀತನೂ ಆದ ವೀರನನ್ನು ಅಲ್ಲಿ ವರ್ಣಿಸಿದೆ. ಮೆಟಲ್ ಹಾಡುಗಳಿಗೆ ಇದಕ್ಕಿಂತ ಯೋಗ್ಯ ನಾಯಕ ಸಿಗುವುದು ಕಷ್ಟ. ಆ ಅಕ್ಷರಗಳ ಅಂಚನ್ನು ಅನುಸರಿಸಿ ವೀರನ ಹೆಸರನ್ನೇ ಎದೆಯ ಮೇಲೆ ಅಚ್ಚು ಹಾಕಿದ. ಬೆಂಗಳೂರಿನಲ್ಲಿ ಅದನ್ನು ತೊಟ್ಟಿದ್ದ ಗೆಳೆಯನೊಬ್ಬನನ್ನು ಯಾರೋ, ಇದಾವ ತಂಡವೆಂದು ಕೇಳಿದರಂತೆ. "ಬಾದಾಮಿಯವರು, ಹಳಬರು. ಒಂದೇ ಹಾಡು, ಬಂಡೆಯ ಮೇಲಿದೆ" ಎಂದನಂತೆ ಆತ.

ಅಂಗಡಿ ಮಖ್ತಲಿಗೆ ಬಂದ ಮೇಲೆ ಹೊಟ್ಟೆಪಾಡು ನಡೆದದ್ದು ಬೇರೆಯ ಅಚ್ಚುಗಳಿಂದ. ಶಾಲೆಗಳ ಕ್ರೀಡಾಕೂಟ, ಚುನಾವಣೆ, ಮದುವೆಯ ಚೀಲ. ಕೃಷ್ಣೆಯ ನಡುಗಡ್ಡೆ ಕುರುವಪುರಕ್ಕೆ ಹೋಗುವ ಮಹಾರಾಷ್ಟ್ರದ ದತ್ತಭಕ್ತರಿಗೆ ಮರಾಠಿ ಅಕ್ಷರದ ಅಂಗಿಗಳು. ರಾಕ್ ತಂಡಗಳ ಹೆಸರಿನ ಅಂಗಿಗಳನ್ನು ಅವನು ಮಾರುವುದಿಲ್ಲ. ಅವು ಅವರ ಸೊತ್ತು. ಅರಮನೆ ಮೈದಾನದ ಗೇಟಿನ ಹೊರಗಿನ ಪ್ಲಾಸ್ಟಿಕ್ ಹಾಳೆಯನ್ನು ಅವನಿನ್ನೂ ಮರೆತಿಲ್ಲ.

ಜೂರಾಲದ ಅಂಗಿ ಹುಟ್ಟಿದ್ದು ಒಂದು ಶ್ರಾವಣದಲ್ಲಿ. ಆಲಮಟ್ಟಿ, ನಾರಾಯಣಪುರಗಳಿಂದ ನೀರು ಬಿಟ್ಟರೆಂಬ ಸುದ್ದಿ ಬಂದೊಡನೆ ಜೂರಾಲದ ಅಣೆಕಟ್ಟಿನ ಗೇಟುಗಳು ಏಳುತ್ತವೆ. ಗದ್ವಾಲ, ಆತ್ಮಕೂರು, ಮಖ್ತಲ್, ರಾಯಚೂರುಗಳಿಂದ ಜನ ಬೈಕು ಟ್ರ್ಯಾಕ್ಟರುಗಳಲ್ಲಿ ಬಂದು ನೆರೆಯುತ್ತಾರೆ. ದಂಡೆಯ ಮೇಲೆ ಹುರಿದ ಮೀನು, ಮೆಕ್ಕೆಜೋಳದ ತೆನೆ. ಕಾಲ ಕೆಳಗೆ ನಡುಗುವ ನೆಲ. ಪಕ್ಕದಲ್ಲಿ ನಿಂತವನ ಮಾತು ಕೇಳಿಸದಂತಹ ಮೊರೆತ. ಮುಖಕ್ಕೆ ಎರಚುವ ತುಂತುರು. ಅರಮನೆ ಮೈದಾನದ ಬಳಿಕ ಇಂಥ ಸದ್ದನ್ನು ಕೇಳಿದ್ದು ಇಲ್ಲಿಯೇ ಎಂದು ಅವನಿಗನ್ನಿಸಿತು. ಹಾಗಿದ್ದರೆ ಇದಕ್ಕೂ ಅಂಗಿ ಬೇಡವೇ?

ಎದೆಯ ಮೇಲೆ ಸಾಲಾಗಿ ನಿಂತ ಗೇಟುಗಳು, ವೇದಿಕೆಯ ಧ್ವನಿಪೆಟ್ಟಿಗೆಗಳ ಹಾಗೆ. ತೋಳಿನ ಮೇಲೆ 1045 ಅಡಿ, ಜಲಾಶಯದ ಪೂರ್ಣಮಟ್ಟ. ಬೆನ್ನ ಮೇಲೆ ನದಿಯ ದೇಶಸಂಚಾರ: ಮಹಾಬಲೇಶ್ವರ, ವಾಯಿ, ಸಾಂಗಲಿ, ಆಲಮಟ್ಟಿ, ನಾರಾಯಣಪುರ, ಜೂರಾಲ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ, ಹಂಸಲದೀವಿ. ಮಹಾರಾಷ್ಟ್ರದ ಊರುಗಳು ಮರಾಠಿಯ ಲಿಪಿಯಲ್ಲಿ, ಕರ್ನಾಟಕದವು ಕನ್ನಡದಲ್ಲಿ, ಆಮೇಲಿನವು ತೆಲುಗಿನಲ್ಲಿ. ಜೂರಾಲವನ್ನು ಯಾವುದರಲ್ಲಿ ಬರೆಯಬೇಕೆಂಬ ಪ್ರಶ್ನೆ ತಾನಾಗಿಯೇ ಬಗೆಹರಿಯಿತು. ಆ ಮೂರು ಅಕ್ಷರಗಳು ಎರಡೂ ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ, ತಲೆಕಟ್ಟಿನ ಬಾಗು ಮಾತ್ರ ಬೇರೆ. ನಡುವಿನ ಒಂದು ಬಾಗನ್ನು ಬರೆದುಬಿಟ್ಟ. ಕನ್ನಡದವರು ಕನ್ನಡವೆಂದು, ತೆಲುಗಿನವರು ತೆಲುಗೆಂದು ಓದಿಕೊಳ್ಳುತ್ತಾರೆ. 1956ರ ತನಕ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರಗಳು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆಂಧ್ರಕ್ಕೆ ಸೇರಿದ್ದು ಇದಕ್ಕಿಂತ ಹೆಚ್ಚಿನ ಗದ್ದಲದಿಂದ. ಊರಿನ ಹೆಸರಿನ ಮುಂದೆ ದಿನಾಂಕದ ಜಾಗ ಖಾಲಿ. ನದಿ ಯಾವ ದಿನ ಬರುವುದೆಂದು ಮೊದಲೇ ಅಚ್ಚು ಹಾಕಿಸಲಾಗದು, ತೊಟ್ಟವರೇ ಬರೆದುಕೊಳ್ಳಬೇಕು.

ಅಂಗಿಗಳು ಖರ್ಚಾದವು. ಹೈದರಾಬಾದಿಗೂ ಬೆಂಗಳೂರಿಗೂ ದುಡಿಯಲು ಹೋದ ಹುಡುಗರು ಹೆಚ್ಚು ಒಯ್ದರು. ತಂದೆ ಮೊದಲ ಮೂರು ಹೆಸರುಗಳನ್ನು ಮರಾಠಿಯಲ್ಲಿ ಗಟ್ಟಿಯಾಗಿ ಓದಿ, ಉಳಿದವನ್ನು ಮಗನಿಂದ ಓದಿಸಿಕೇಳಿ, ಹೊಲಿಗೆಯ ಬಗ್ಗೆ ಮಾತ್ರ ಆಕ್ಷೇಪ ತೆಗೆದರು.

ಒಂದು ಬೆಳಿಗ್ಗೆ ವೃದ್ಧರೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಮೊಮ್ಮಗನ ಅಂಗಿಯಿತ್ತು. ಅದನ್ನು ಮೇಜಿನ ಮೇಲೆ ಹರಡಿ, ನಾರಾಯಣಪುರಕ್ಕೂ ಜೂರಾಲಕ್ಕೂ ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮ ಊರಿಲ್ಲ" ಎಂದರು. ಯಾವ ಊರೆಂದು ಕೇಳಿದ. ಹೇಳಿದರು. ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಹೋದ ಊರು. ಬೇಸಿಗೆಯಲ್ಲಿ ನೀರಿಳಿದಾಗ ಗುಡಿಯ ಕಟ್ಟೆ ಕಾಣುತ್ತದೆ. ಎಲ್ಲ ವರ್ಷವೂ ಅಲ್ಲ. ಮೊಮ್ಮಗ ಹೈದರಾಬಾದಿನಲ್ಲಿ ಗೆಳೆಯರಿಗೆ ಈ ಅಂಗಿ ತೋರಿಸಿ ನಮ್ಮ ನದಿ ಎನ್ನುತ್ತಾನಂತೆ. ನಿಮ್ಮ ಊರೆಲ್ಲಿ ಎಂದರೆ ತೋರಿಸಲು ಏನೂ ಇಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ತೋಚಿದ ಉಪಾಯ ಹೇಳಿದ. ಆ ಒಂದು ಹೆಸರನ್ನು ಕಪ್ಪಿನ ಮೇಲೆ ಕಪ್ಪಾಗಿಯೇ ಅಚ್ಚು ಹಾಕಬಹುದು. ಎದುರಿನಿಂದ ನೋಡಿದರೆ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಹೊಳೆಯುತ್ತದೆ, ನೀರಿಳಿದಾಗ ಕಾಣುವ ಕಟ್ಟೆಯ ಹಾಗೆ. ಹೇಳುವಾಗ ಅವನಿಗೆ ತನ್ನ ಕಲ್ಪನೆ ತನಗೇ ಮೆಚ್ಚಿಗೆಯಾಗಿತ್ತು. ಟ್ರಂಕಿನ ತಳದ ಬಿಳಿ ಅಂಗಿ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ.

ವೃದ್ಧರು ತಾಳ್ಮೆಯಿಂದ ಕೇಳಿಸಿಕೊಂಡರು. ಬಳಿಕ ಅಂಗಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಉಳಿದ ಊರುಗಳ ಬಿಳಿಯ ಹೆಸರುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು.

"ಊರು ಮುಣುಗ್ಯಾದ, ನಾವು ಮುಣುಗಿಲ್ಲ. ಇವುಗಳ ಹಂಗ ಬೆಳ್ಳಗ ಹಾಕು. ಆರು ಅಂಗಿ ಬೇಕು. ಎಷ್ಟಾಗ್ತದ?"

ಆರು ಅಂಗಿಗಳಿಗಾಗಿ ಹೊಸ ಜಾಲರಿ ಮಾಡುವುದು ಯಾವ ಲೆಕ್ಕದಲ್ಲಿಯೂ ಗಿಟ್ಟುವುದಿಲ್ಲ. ಅವನು ಜಾಲರಿಯ ಖರ್ಚನ್ನು ಹೇಳದೆ ಅಂಗಿಯ ಬೆಲೆಯನ್ನಷ್ಟೇ ಹೇಳಿ, ಅಳತೆ ಕೇಳಿಕೊಂಡ: ಎರಡು ದೊಡ್ಡವು, ಮೂರು ನಡುವಿನವು, ಒಂದು ಆರು ವರ್ಷದ ಹುಡುಗಿಗೆ. ಹೆಸರನ್ನು ಸರಿಯಾಗಿ ಬರೆಯಲು ಕಾಗದ ಪೆನ್ಸಿಲು ಕೊಟ್ಟ. ವೃದ್ಧರು ಮೊದಲು ತೆಲುಗಿನಲ್ಲಿ ಬರೆದು, ಒಂದು ಕ್ಷಣ ನೋಡಿ, ಅದರ ಕೆಳಗೆ ಕನ್ನಡದಲ್ಲಿಯೂ ಬರೆದರು. ಕನ್ನಡದ ಸಾಲಿನಲ್ಲಿ ಒಂದು ದೀರ್ಘ ತಪ್ಪಿತ್ತು. ಅವನು ತಿದ್ದಲು ಪೆನ್ಸಿಲು ಎತ್ತಿದವನು, ಇದೇ ನಿಮ್ಮ ಊರಿನವರು ಬರೆಯುತ್ತಿದ್ದ ರೀತಿಯೋ ಎಂದು ಕೇಳಿದ. ಹೌದು, ಶಾಲೆಯ ಗೋಡೆಯ ಮೇಲೆ ಹೀಗೆಯೇ ಇತ್ತು ಎಂದರು ವೃದ್ಧರು. ಪೆನ್ಸಿಲನ್ನು ಕೆಳಗಿಟ್ಟು, ಗುರುವಾರ ಬನ್ನಿರೆಂದು ಹೇಳಿ ಕಳುಹಿಸಿದ.